ಬೆಕ್ಕಿಗೆ ಚೆಲ್ಲಾಟ, ಸ್ಪೀಕರಿಗೆ ಪ್ರಾಣಸಂಕಟ!

'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಮಾತು ನಮಗೆಲ್ಲ ಗೊತ್ತು. ಈಗಿನ ಮನೆಗಳಲ್ಲಿ ಇಲಿಯ ಜಾಗಕ್ಕೆ ಇನ್ನೊಂದು ವಸ್ತು ಬಂದು ಕುಳಿತಿದೆ. ಅದೇ ಸ್ಪೀಕರ್ ಪೆಟ್ಟಿಗೆ. ಟಿವಿ ಪಕ್ಕದ ಎರಡು ಪೆಟ್ಟಿಗೆಗಳಿರಲಿ, ಹೋಮ್ ಥಿಯೇಟರ್ ಇರಲಿ, ಗಾನವೃಂದದಲ್ಲಿ ಕೀಬೋರ್ಡ್ ನುಡಿಸುವ ಮಗನ ಆಂಪ್ಲಿಫೈಯರ್ ಇರಲಿ, ಮುಂಭಾಗದಲ್ಲಿ ಚೆಂದದ ಕಪ್ಪು ಬಟ್ಟೆ ಎಳೆದು ಕಟ್ಟಿರುತ್ತಾರೆ. ಅದು ನಮಗೆ ಅಲಂಕಾರ. ಬೆಕ್ಕಿಗೆ ಮಾತ್ರ ಉಗುರು ಮಸೆಯಲು ಯಾರೋ ಹೇಳಿ ಮಾಡಿಸಿದ ಹಲಗೆ!

ನಮ್ಮ ಜೀರಹಳ್ಳಿ, ತಾಳವಾಡಿ ಕಡೆಯ ಮನೆಗಳಲ್ಲಿ ಬೆಕ್ಕು ಶೋಕಿಯ ಪ್ರಾಣಿಯಲ್ಲ. ರಾಗಿ, ಜೋಳ, ಅರಿಶಿನ, ಆಲೂಗೆಡ್ಡೆ ತುಂಬಿಟ್ಟ ಮನೆಗೆ ಇಲಿ ಬಾರದಿರಲು ಅದು ಬೇಕೇ ಬೇಕು. ಮಕ್ಕಳು ಕೆಲಸಕ್ಕೆಂದು ದೂರದೂರಿಗೆ ಹೋದ ಮೇಲೆ ಒಂಟಿಯಾಗಿ ಉಳಿದ ಎಷ್ಟೋ ಅಜ್ಜಿಯರಿಗೆ ಸಂಜೆಯ ಹೊತ್ತು ಮಾತಿಗೆ ಸಿಗುವ ಜೀವ ಅದೊಂದೇ. ಅದೇ ಮಕ್ಕಳು ಹಬ್ಬಕ್ಕೆ ಬಂದಾಗ ಉಳಿತಾಯದ ಹಣದಲ್ಲಿ ಸ್ಪೀಕರ್ ತಂದು ಕೂಡಿಸುತ್ತಾರೆ. ತಿಂಗಳೊಳಗೆ ಬಟ್ಟೆ ಚಿಂದಿಯಾಗುತ್ತದೆ. ಆಗ ಮನೆಯಲ್ಲಿ ಎದ್ದೇಳುವ ಮಾತು ಒಂದೇ: "ಈ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಊರಾಚೆ ಬಿಟ್ಟು ಬನ್ನಿ!"

ಪ್ರಿಯ ಓದುಗರೇ, ಆ ಗೋಣಿಚೀಲವನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಸ್ವಲ್ಪ ಕುಳಿತು ಯೋಚಿಸೋಣ. ಬೆಕ್ಕೂ ಉಳಿಯಬೇಕು, ಸ್ಪೀಕರೂ ಉಳಿಯಬೇಕು, ಮನೆಯ ಸಮಾಧಾನವೂ ಉಳಿಯಬೇಕು. ಮೂರೂ ಸಾಧ್ಯ. ಅದಕ್ಕೆ ಹೆಚ್ಚಿನ ಹಣವೂ ಬೇಡ.

ಅಂದಿನ ರೇಡಿಯೋ, ಇಂದಿನ ಪೆಟ್ಟಿಗೆ

ಸ್ಪೀಕರಿಗೂ ಬೆಕ್ಕಿಗೂ ಇರುವ ನಂಟು ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಬಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಆ ಕಾಲದ ವಾಲ್ವ್ ರೇಡಿಯೋಗಳು ಮರದ ದೊಡ್ಡ ಪೆಟ್ಟಿಗೆಗಳು. ಮುಂದೆ ನೇಯ್ಗೆಯ ಬಟ್ಟೆ, ಒಳಗೆ ಬಿಸಿಯಾಗುವ ವಾಲ್ವುಗಳು. ಚಳಿಗಾಲದಲ್ಲಿ ಅದರ ನೆತ್ತಿ ಬೆಚ್ಚಗಿರುತ್ತಿದ್ದುದರಿಂದ ಬೆಕ್ಕಿಗೆ ಅದು ಒಲೆಯ ಪಕ್ಕದಷ್ಟೇ ಪ್ರಿಯವಾದ ಜಾಗ. ಆಮೇಲೆ ಬಂದ ಟ್ರಾನ್ಸಿಸ್ಟರುಗಳಿಗೆ ತೂತು ಕೊರೆದ ತಗಡೋ ಪ್ಲಾಸ್ಟಿಕ್ಕೋ ಇತ್ತು. ಆದ್ದರಿಂದ ಒಂದೆರಡು ತಲೆಮಾರು ಈ ಗೊಡವೆ ಕಡಿಮೆಯಾಗಿತ್ತು. ಗಾಜನೂರಿನ ನಮ್ಮ ಡಾ. ರಾಜ್‌ಕುಮಾರ್ ಅವರ ಹಾಡುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿದ ಮನೆಗಳಲ್ಲಿ ಬೆಕ್ಕು ಅದರ ತಂಟೆಗೆ ಹೋದದ್ದು ಕಡಿಮೆ. ಬಟ್ಟೆಯ ಮುಖವಾಡದ ದೊಡ್ಡ ಪೆಟ್ಟಿಗೆಗಳು ಮನೆಮನೆಗೆ ಬಂದಾಗ ಹಳೆಯ ಜಗಳ ಮತ್ತೆ ಶುರುವಾಯಿತು.

ಗ್ರಾಮಫೋನ್ ತಟ್ಟೆಗಳ ಮೇಲೆ ಒಡೆಯನ ದನಿಯನ್ನು ಕಿವಿಗೊಟ್ಟು ಕೇಳುವ ನಾಯಿಯ ಚಿತ್ರ ಹಿರಿಯರಿಗೆ ನೆನಪಿರಬಹುದು. ಆ ನಾಯಿಯ ಹೆಸರು ನಿಪ್ಪರ್. ಚಿತ್ರ ಬರೆದವರು ಫ್ರಾನ್ಸಿಸ್ ಬರಾಡ್. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಅದನ್ನು ಕೊಂಡುಕೊಂಡಿತು. ನಾಯಿಯ ಬದಲು ಬೆಕ್ಕನ್ನು ಕೂರಿಸಿದ್ದರೆ ಅದು ಯಂತ್ರದ ಮುಂದೆ ಕೂರುತ್ತಿರಲಿಲ್ಲ, ಮೇಲೇ ಹತ್ತಿ ಮಲಗುತ್ತಿತ್ತು!

ಬೆಕ್ಕು ಪರಚುವುದೇಕೆ?

ಬೆಕ್ಕು ಹಟಕ್ಕಾಗಲೀ ನಮ್ಮ ಮೇಲಿನ ಸಿಟ್ಟಿಗಾಗಲೀ ಪರಚುವುದಿಲ್ಲ. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಒಂದು, ಅದರ ಉಗುರು ಈರುಳ್ಳಿಯಂತೆ ಪದರಪದರವಾಗಿ ಬೆಳೆಯುತ್ತದೆ. ಹಳೆಯ ಹೊರಪದರ ಕಳಚಲು ಒರಟಾದುದಕ್ಕೆ ಉಜ್ಜಬೇಕು. ಎರಡು, ನಿದ್ದೆಯಿಂದ ಎದ್ದಾಗ ಬೆನ್ನು, ಭುಜ, ಕಾಲುಗಳನ್ನು ಚಾಚಿ ಮೈಮುರಿಯಲು ಆಸರೆ ಬೇಕು. ಮೂರು, ಅದರ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ. ಪರಚಿದ ಕಡೆ ಆ ವಾಸನೆ ಅಂಟಿ 'ಇದು ನನ್ನ ಮನೆ' ಎಂಬ ಗುರುತಾಗುತ್ತದೆ. ಆದ್ದರಿಂದಲೇ ಒಮ್ಮೆ ಪರಚಿದ ಜಾಗಕ್ಕೆ ಅದು ಮತ್ತೆ ಮತ್ತೆ ಬರುತ್ತದೆ. ಹರಿದ ಬಟ್ಟೆಯನ್ನು ಹಾಗೇ ಬಿಟ್ಟರೆ ಬಾ ಎಂದು ಕರೆದಂತೆ.

ಸ್ಪೀಕರಿನ ಬಟ್ಟೆ ಈ ಮೂರಕ್ಕೂ ಒದಗುತ್ತದೆ. ನೇಯ್ಗೆ ಸಡಿಲವಾಗಿರುವುದರಿಂದ ಉಗುರು ಸಿಕ್ಕಿಕೊಳ್ಳುತ್ತದೆ. ಚೌಕಟ್ಟಿಗೆ ಎಳೆದು ಕಟ್ಟಿರುವುದರಿಂದ ಬಿಗಿಯಾಗಿರುತ್ತದೆ. ಪೆಟ್ಟಿಗೆ ಮನೆಯವರೆಲ್ಲ ಕೂರುವ ಕೋಣೆಯಲ್ಲೇ ಇರುವುದರಿಂದ ಗುರುತು ಹಾಕಲು ಪ್ರಶಸ್ತ ಜಾಗವೂ ಹೌದು.

ಕಿವಿಯ ಮಾತೂ ಇದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸಿದರೆ, ಬೆಕ್ಕಿಗೆ 60,000ಕ್ಕೂ ಮೇಲಿನದು ಕೇಳಿಸುತ್ತದೆ. ಇಲಿಮರಿಗಳ ಸಣ್ಣ ಕೀರಲು ದನಿ ಹಿಡಿಯಲೆಂದೇ ದೇವರು ಅದಕ್ಕೆ ಕೊಟ್ಟ ವರ ಅದು. 2015ರಲ್ಲಿ ಅಮೆರಿಕದ ಚಾರ್ಲ್ಸ್ ಸ್ನೋಡನ್ ಮತ್ತು ಸಂಗಡಿಗರು ಬೆಕ್ಕಿನ ದನಿಗೆ ಹೊಂದುವಂತೆ ರಚಿಸಿದ ಸಂಗೀತವನ್ನು ಸಾಕಿದ ಬೆಕ್ಕುಗಳಿಗೆ ಕೇಳಿಸಿ ನೋಡಿದರು. ಮನುಷ್ಯರ ಸಂಗೀತಕ್ಕಿಂತ ಅದನ್ನು ಬೆಕ್ಕುಗಳು ಹೆಚ್ಚು ಮೆಚ್ಚಿ, ಸ್ಪೀಕರಿನ ಬಳಿ ಬಂದು ಮೈ ಉಜ್ಜಿದವು. ಆದರೆ ಅಬ್ಬರದ ಸದ್ದು ಬೆಕ್ಕಿಗೆ ಹಿಂಸೆ. ಹಬ್ಬದ ದಿನ ಧ್ವನಿ ಏರಿಸಿದಾಗ ಅದು ಅಟ್ಟ ಸೇರುವುದು ಸುಮ್ಮನಲ್ಲ.

ಬಟ್ಟೆಯ ಹಿಂದೆ ಏನಿದೆ?

'ಬಟ್ಟೆ ಹರಿದರೆ ಹರಿಯಲಿ ಬಿಡಿ, ಪಾಟು ಕೇಳಿದರಾಯಿತು' ಎನ್ನುವವರೂ ಇದ್ದಾರೆ. ತೊಂದರೆ ಬಟ್ಟೆಯಲ್ಲಿಲ್ಲ, ಅದರ ಹಿಂದೆ ಇದೆ. ಸ್ಪೀಕರಿನಲ್ಲಿ ಆಲಿಕೆಯ ಆಕಾರದ ಒಂದು ಹಗುರ ಕೋನ್ ಇರುತ್ತದೆ. ಸಾಮಾನ್ಯವಾಗಿ ಅದು ಕಾಗದದ್ದು. ಅದರ ಅಂಚಿಗೆ ರಬ್ಬರ್ ಅಥವಾ ಸ್ಪಂಜಿನ ಮೆತ್ತನೆಯ ಬಳೆ. ನಡುವೆ ಚಿಕ್ಕ ಟೊಪ್ಪಿ. ಹಿಂದೆ ತಂತಿಯ ಸುರುಳಿ, ಆಯಸ್ಕಾಂತ. ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಕೋನ್ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅದೇ ನಮಗೆ ಹಾಡಾಗಿ ಕೇಳಿಸುತ್ತದೆ. ಉಗುರು ತಾಗಿ ಅಂಚಿನ ಬಳೆ ಹರಿದರೆ ದನಿ ಒಡಕು. ಹೆಚ್ಚು ಕಂಪನದ ಸದ್ದು ಕೊಡುವ ಟ್ವೀಟರಿನ ಬುರುಡೆಯಂತೂ ಎಷ್ಟೋ ಪೆಟ್ಟಿಗೆಗಳಲ್ಲಿ ತೆಳು ರೇಷ್ಮೆಯದು. ಒಂದು ಏಟು ಸಾಕು.

ಕಾಗದದ ಕೋನಿನಲ್ಲಿ ಸಣ್ಣ ಸೀಳು ಬಿದ್ದಿದ್ದರೆ ತೆಳು ಕಾಗದದ ತುಂಡನ್ನು ಬಿಳಿ ಅಂಟಿನಿಂದ ಎರಡೂ ಕಡೆ ಅಂಟಿಸಿ ಒಂದು ದಿನ ಒಣಗಲು ಬಿಡಬಹುದು. ಸೀಳು ದೊಡ್ಡದಾದರೆ ರೇಡಿಯೋ ರಿಪೇರಿಯವರಲ್ಲಿ ಹೊಸ ಕೋನ್ ಹಾಕಿಸುವುದೇ ದಾರಿ. ಇದಕ್ಕಿಂತ ಮೊದಲೇ ಕಾಪಾಡುವುದು ಜಾಣತನ.

ಯಾವ ಜಾಲರಿ ಒಳ್ಳೆಯದು?

ಕೋಣೆಯ ವಿಸ್ತಾರ, ಬೆಕ್ಕಿನ ಸ್ವಭಾವ, ಕೈಯಲ್ಲಿರುವ ಹಣ ನೋಡಿ ಆರಿಸಿಕೊಳ್ಳಬೇಕು.

1. ತೂತಿನ ತಗಡು: ಸಭೆ ಸಮಾರಂಭಗಳಿಗೆ ತರುವ ದೊಡ್ಡ ಸ್ಪೀಕರುಗಳ ಮುಂದೆ ಇರುವುದು ಇದೇ. ಬೆಕ್ಕಿನ ಮಟ್ಟಿಗೆ ಇದಕ್ಕಿಂತ ಗಟ್ಟಿ ರಕ್ಷಣೆ ಇಲ್ಲ. ತೂತು ಸಣ್ಣದಿರಬೇಕು, ಆದರೆ ತುಂಬ ಇರಬೇಕು. ತಗಡಿನ ಹೆಚ್ಚು ಭಾಗ ತೂತೇ ಆಗಿದ್ದರೆ ಸದ್ದು ಸರಾಗವಾಗಿ ಬರುತ್ತದೆ. ತೂತು ವಿರಳವಾದರೆ ತಾಳದ ಝಣತ್ಕಾರ, ಮಾತಿನ ಸ, ಶ ಅಕ್ಷರಗಳು ಮಂಕಾಗುತ್ತವೆ. ಬೆಕ್ಕಿಗೆ ನುಣುಪಾದ ಲೋಹದಲ್ಲಿ ಉಗುರು ಹಿಡಿಯಲು ಏನೂ ಸಿಗದು. ಎರಡು ದಿನ ನೋಡಿ ಕೈಬಿಡುತ್ತದೆ.

2. ಅಲ್ಯೂಮಿನಿಯಂ ಸೊಳ್ಳೆ ಜಾಲರಿ: ಕಿಟಕಿಗೆ ಹಾಕಿ ಉಳಿದ ತುಂಡಿದ್ದರೆ ಅದೇ ಸಾಕು. ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆದು, ಬೇಕಿದ್ದರೆ ಹಳೆಯ ಕಪ್ಪು ಬಟ್ಟೆಯನ್ನು ಅದರ ಒಳಗಡೆ ಹಾಕಬಹುದು. ಆಗ ಅಂದವೂ ಕೆಡದು. ಬಲವಾದ ಗಂಡುಬೆಕ್ಕಿದ್ದರೆ ಇದು ಬಹಳ ದಿನ ಬಾಳದು.

3. ಕಾರಿನ ಸ್ಪೀಕರಿನ ದುಂಡು ಜಾಲರಿ: ಕಾರಿನ ಸಾಮಾನು ಮಾರುವವರಲ್ಲಿ ಬೇರೆ ಬೇರೆ ಅಳತೆಗಳಲ್ಲಿ ಸಿಗುತ್ತದೆ. ಪೆಟ್ಟಿಗೆ ಇಡೀ ಮುಚ್ಚದೆ ಸ್ಪೀಕರುಗಳನ್ನಷ್ಟೇ ಮುಚ್ಚಿದರೆ ಸಾಕೆನ್ನುವವರಿಗೆ ಇದು ಸುಲಭ.

4. ಕೋಳಿ ಬಲೆ ಬೇಡ. ಅದರ ಕಣ್ಣು ದೊಡ್ಡದು. ಬೆಕ್ಕಿನ ಮುಂಗಾಲು ಒಳಗೆ ಹೋಗಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವ ಗಾಬರಿಯಲ್ಲಿ ಪೆಟ್ಟಿಗೆಯನ್ನೇ ಕೆಡವೀತು.

5. ಬಟ್ಟೆಯೇ ಬೇಕೆನ್ನುವವರು ಬಿಗಿ ನೇಯ್ಗೆಯ, ನುಣುಪಾದ, ಆದರೆ ತೆಳುವಾದ ಬಟ್ಟೆ ಆರಿಸಲಿ. ಪರೀಕ್ಷೆ ಸುಲಭ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ತಡೆಯಿಲ್ಲದೆ ಆಚೆ ಬಂದರೆ ಸದ್ದೂ ಬರುತ್ತದೆ. ಪರದೆಯ ಬಟ್ಟೆ, ಸೋಫಾ ಬಟ್ಟೆ ಹಾಕಿದರೆ ಹಾಡು ಕಂಬಳಿ ಹೊದ್ದಂತೆ ಕೇಳಿಸುತ್ತದೆ.

ಹಾಕುವಾಗ ಕೆಲವು ಎಚ್ಚರಿಕೆಗಳು. ಜಾಲರಿಗೂ ಕೋನಿಗೂ ನಡುವೆ ಬೆರಳಗಲ ಜಾಗ ಬಿಡಬೇಕು. ದೊಡ್ಡ ಸದ್ದಿಗೆ ಕೋನ್ ಮುಂದಕ್ಕೆ ಬರುತ್ತದೆ. ಕಬ್ಬಿಣದ ತಗಡನ್ನು ಒಳಗಿನ ಆಯಸ್ಕಾಂತ ಎಳೆಯುತ್ತದೆ, ಆದ್ದರಿಂದ ತೆಳು ಕಬ್ಬಿಣವನ್ನು ಹತ್ತಿರ ಹಿಡಿಯುವಾಗ ಜೋಪಾನ; ಅದು ಹಠಾತ್ತನೆ ಅಂಟಿ ಕೋನನ್ನೇ ಕೆಡಿಸಬಹುದು. ಅಲ್ಯೂಮಿನಿಯಂಗೆ ಆ ಭಯವಿಲ್ಲ. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಿಸಬೇಕು, ಇಲ್ಲದಿದ್ದರೆ ಬೆಕ್ಕಿನ ಪಾದಕ್ಕಿಂತ ಮೊದಲು ಮಗುವಿನ ಬೆರಳು ಕುಯ್ಯುತ್ತದೆ. ತಗಡು ಪೆಟ್ಟಿಗೆಗೆ ತಾಗುವಲ್ಲೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ ಗಲಗಲ ಸದ್ದು ಬಾರದು.

ಪೆಟ್ಟಿಗೆಯಲ್ಲಿ ಕೊಳವೆಯಂಥ ತೂತೊಂದಿರುತ್ತದೆ, ಗಮನಿಸಿದ್ದೀರಾ? ತಗ್ಗು ದನಿಗೆ ಗಾಳಿಯಾಡಲು ಇಟ್ಟದ್ದು ಅದು. ಅದಕ್ಕೂ ಒಂದು ತುಂಡು ಜಾಲರಿ ಹಾಕುವುದು ಒಳಿತು. ಅಲ್ಲಿ ಇಲಿ, ಹಲ್ಲಿ, ಜಿರಳೆ ಹೊಕ್ಕಿದ್ದರೆ ಬೆಕ್ಕು ಆ ಪೆಟ್ಟಿಗೆಯ ಮುಂದಿನಿಂದ ಏಳುವುದೇ ಇಲ್ಲ. ನಾವು ಬೆಕ್ಕಿಗೆ ಬೈಯುತ್ತೇವೆ, ತಪ್ಪು ಇಲಿಯದು! ಆದರೆ ಬಟ್ಟೆ ತುರುಕಿ ಮುಚ್ಚಬಾರದು, ದನಿ ಕೆಡುತ್ತದೆ.

ಗೋಣಿಯೇ ಮದ್ದು

ಜಾಲರಿ ಹಾಕಿದೊಡನೆ ಕೆಲಸ ಮುಗಿಯಲಿಲ್ಲ. ಪರಚುವುದು ಬೆಕ್ಕಿಗೆ ಊಟ, ನಿದ್ದೆಯಷ್ಟೇ ಅಗತ್ಯ. ಸ್ಪೀಕರ್ ತಪ್ಪಿಸಿದರೆ ಅದು ಸೋಫಾಕ್ಕೆ ಹೋಗುತ್ತದೆ, ಸೋಫಾ ತಪ್ಪಿಸಿದರೆ ಅಕ್ಕಿಮೂಟೆಗೆ. ಅದರದೇ ಆದ ಜಾಗ ಕೊಡಬೇಕು. ಅಂಗಡಿಯಲ್ಲಿ ಕೊಳ್ಳುವುದೇನೂ ಬೇಡ. ಸುಮಾರು 3 ಅಡಿ ಎತ್ತರದ ಮರದ ತುಂಡಿಗೆ ಹಳೆಯ ಗೋಣಿಯನ್ನೋ ತೆಂಗಿನ ನಾರಿನ ಹಗ್ಗವನ್ನೋ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಅಗಲವಾದ ಹಲಗೆಗೆ ಜೋಡಿಸಿ. ಬೆಕ್ಕು ಹಿಂಗಾಲಿನಲ್ಲಿ ನಿಂತು ಪೂರ್ತಿ ಚಾಚುವಷ್ಟು ಎತ್ತರವಿರಬೇಕು. ಅಲುಗಾಡಿದರೆ ಅದು ಮತ್ತೆ ಮುಟ್ಟುವುದಿಲ್ಲ.

ಅದನ್ನು ಹಿತ್ತಿಲಲ್ಲಿ ಇಡಬೇಡಿ. ಮೊದಲು ಸ್ಪೀಕರಿನ ಪಕ್ಕದಲ್ಲೇ ಇಡಿ. ಬೆಕ್ಕು ಅದನ್ನು ಬಳಸತೊಡಗಿದ ಮೇಲೆ ದಿನಕ್ಕೆ ಗೇಣು ಗೇಣಾಗಿ ಸರಿಸುತ್ತ ಬೇಕಾದ ಮೂಲೆಗೆ ಒಯ್ಯಬಹುದು. ಅಲ್ಲಿ ಪರಚಿದಾಗ ಒಂದು ತುಣುಕು ಮೀನು ಕೊಟ್ಟರೆ ಬೇಗ ಕಲಿಯುತ್ತದೆ. ಹರಿದ ಹಳೆಯ ಬಟ್ಟೆ ತೆಗೆದುಬಿಡಿ, ಪೆಟ್ಟಿಗೆಯನ್ನು ಒದ್ದೆ ಬಟ್ಟೆ ಹಿಂಡಿ ಒರೆಸಿ. ಕಿತ್ತಳೆ ಸಿಪ್ಪೆಯ ವಾಸನೆ ಬೆಕ್ಕಿಗೆ ಆಗದು. ಕೆಲವು ದಿನ ಪೆಟ್ಟಿಗೆಯ ಬಳಿ ಇಡಬಹುದು. ಮಲಗಲು ಆಂಪ್ಲಿಫೈಯರಿನ ನೆತ್ತಿಗಿಂತ ಬೆಚ್ಚಗಿನ ಇನ್ನೊಂದು ಜಾಗ, ಅಂದರೆ ಹಳೆಯ ಕಂಬಳಿ ಹಾಸಿದ ಒಂದು ಬುಟ್ಟಿ, ನಮ್ಮ ಬೆಟ್ಟದ ಚಳಿಯಲ್ಲಿ ಬಹಳ ಕೆಲಸ ಮಾಡುತ್ತದೆ. ಯಂತ್ರದ ಗಾಳಿಕಿಂಡಿಗಳಲ್ಲಿ ಕೂದಲು ತುಂಬಿದರೆ ಅದು ಕಾದು ಕೆಡುತ್ತದೆ. ಮೂತ್ರ ಬಿದ್ದರಂತೂ ಷಾರ್ಟ್ ಆಗುತ್ತದೆ.

ಮಾಡಬಾರದ ಕೆಲಸಗಳು

ಹೊಡೆಯಬಾರದು. ಹೊಡೆತದಿಂದ ಬೆಕ್ಕು ಕಲಿಯುವುದು ಒಂದೇ, ನಾವಿಲ್ಲದಾಗ ಪರಚುವುದು. ಖಾರದ ಪುಡಿ ಎರಚುವುದು, ಫಿನಾಯಿಲ್ ಸುರಿಯುವುದು, ನುಸಿಗುಳಿಗೆ ಇಡುವುದು ಬೇಡ. ಫಿನಾಯಿಲ್, ನುಸಿಗುಳಿಗೆ ಎರಡೂ ಬೆಕ್ಕಿಗೆ ವಿಷ. ಅಂಗಾಲು ನೆಕ್ಕಿಕೊಂಡಾಗ ಹೊಟ್ಟೆ ಸೇರುತ್ತವೆ.

ಉಗುರನ್ನೇ ಕೀಳಿಸುವ ಮಾತನ್ನು ಕೆಲವರು ಆಡುತ್ತಾರೆ. ಅದು ಉಗುರು ಕತ್ತರಿಸುವುದಲ್ಲ, ಬೆರಳಿನ ತುದಿಯ ಮೂಳೆಯನ್ನೇ ಕಡಿಯುವುದು. ಯುರೋಪಿನ ಹಲವು ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯಂತೆ ಪ್ರಾಣಿಯನ್ನು ಹೊಡೆದು ಹಿಂಸಿಸುವುದು, ಅಂಗಭಂಗ ಮಾಡುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟು ಬರುವುದು ಅಪರಾಧ. ಉಗುರಿನ ಚೂಪು ತುದಿಯನ್ನಷ್ಟೇ ಎರಡು ಮೂರು ವಾರಕ್ಕೊಮ್ಮೆ ಉಗುರುಕತ್ತರಿಯಿಂದ ತೆಗೆಯಬಹುದು. ಒಳಗೆ ಕಾಣುವ ಕೆಂಪು ಭಾಗ ಜೀವವಿರುವುದು, ಅದನ್ನು ಮುಟ್ಟಬಾರದು.

ಊರಾಚೆ ಬಿಡುವುದೆಂದರೆ ನಮ್ಮಲ್ಲಿ ಕಾಡಿನಂಚಿಗೆ ಬಿಡುವುದೆಂದೇ ಅರ್ಥ. ಜೀರಹಳ್ಳಿಯ ಕಾಡು, 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ರಕ್ಷಿತಾರಣ್ಯಕ್ಕೆ ಸೇರಿದ್ದು. ಆಡು, ನಾಯಿಗಳನ್ನೇ ಹೊತ್ತೊಯ್ಯುವ ಚಿರತೆಗೆ ಸಾಕಿದ ಬೆಕ್ಕು ಎಷ್ಟರದು? ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಗಾದೆಯಂತೆ, ಬಟ್ಟೆ ಹರಿಯಿತೆಂದು ಒಂದು ಜೀವವನ್ನು ಸಾವಿನ ಬಾಯಿಗೆ ತಳ್ಳುವುದು ಎಲ್ಲಿಯ ನ್ಯಾಯ?

ಮನೆಯಲ್ಲಿ ಮಕ್ಕಳಿದ್ದರೆ

ಎತ್ತರದ ಪೆಟ್ಟಿಗೆಯ ಮೇಲೆ ಬೆಕ್ಕು ಹಾರಿದರೆ ಪೆಟ್ಟಿಗೆ ಉರುಳಿ ಕೆಳಗೆ ಆಡುವ ಮಗುವಿನ ಮೇಲೆ ಬೀಳಬಹುದು. ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಯುವುದು ಕ್ಷೇಮ. ನೇತಾಡುವ ವೈರುಗಳನ್ನು ಮರಿಬೆಕ್ಕು ಕಚ್ಚುತ್ತದೆ. ಅವನ್ನು ಪಟ್ಟಿಯೊಳಗೆ ಸೇರಿಸಿ ಗೋಡೆಗೆ ಹೊಡೆಸಿ. ಪೆಟ್ಟಿಗೆಯಿಂದ ಬೆಕ್ಕನ್ನು ಬಲವಂತವಾಗಿ ಎಳೆದುಹಾಕಲು ಮಕ್ಕಳಿಗೆ ಹೇಳಬೇಡಿ. ಬೆಕ್ಕು ಕಚ್ಚಿದರೆ ಅಥವಾ ಪರಚಿ ಗಾಯವಾದರೆ ಅರಿಶಿನ, ಸುಣ್ಣ ಮೆತ್ತದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಬಂದ ಮೇಲೆ ಉಳಿಸುವುದು ಅಸಾಧ್ಯವೆಂದೇ ಹೇಳಬೇಕು. ಸಾಕಿದ ಬೆಕ್ಕಿಗೆ ಮೂರು ತಿಂಗಳಾದ ಮೇಲೆ ಪಶುವೈದ್ಯರಲ್ಲಿ ಈ ರೋಗದ ಲಸಿಕೆ ಹಾಕಿಸಿ.

ವಿಶ್ವಾಸದ ಬೆಳಕಿನಲ್ಲಿ

ಪವಿತ್ರ ಬೈಬಲಿನಲ್ಲಿ ಸಾಕಿದ ಬೆಕ್ಕಿನ ಮಾತು ಬರುವುದು ಒಂದೇ ಕಡೆ, ಬಾರೂಕನ ಗ್ರಂಥದ 6ನೆಯ ಅಧ್ಯಾಯದಲ್ಲಿರುವ ಯೆರೆಮೀಯನ ಪತ್ರದಲ್ಲಿ. ಬಾಬಿಲೋನಿನ ವಿಗ್ರಹಗಳ ತಲೆಯ ಮೇಲೆ ಹಕ್ಕಿಗಳೂ ಬೆಕ್ಕುಗಳೂ ಬಂದು ಕೂರುತ್ತವೆ, ಅವನ್ನು ಓಡಿಸಲೂ ಆಗದ ಇವು ಎಂಥ ದೇವರು ಎಂದು ಅಲ್ಲಿ ಹಾಸ್ಯ ಮಾಡಲಾಗಿದೆ. ನಮ್ಮ ಮನೆಯ ಸ್ಪೀಕರಿನ ನೆತ್ತಿಯ ಮೇಲೆ ಬೆಕ್ಕು ಕುಳಿತಾಗ ಈ ಭಾಗ ನೆನಪಾದರೆ ತಪ್ಪಿಲ್ಲ. ಹಣ ಕೊಟ್ಟು ತಂದ ವಸ್ತು ಯಾವಾಗ ವಿಗ್ರಹವಾಗುತ್ತದೆ? ಅದಕ್ಕಾಗಿ ಮನೆಯವರ ಮೇಲೆ ಕೂಗಾಡಿದಾಗ, ಅಜ್ಜಿಯ ಕಣ್ಣಲ್ಲಿ ನೀರು ಬರಿಸಿದಾಗ.

ಬೆಕ್ಕನ್ನು ಪ್ರೀತಿಸಿದ ಜಗದ್ಗುರುಗಳೂ ಇದ್ದಾರೆ. ಹನ್ನೆರಡನೆಯ ಲಿಯೋ ಅವರ ಬಳಿ ಮಿಚೆತ್ತೋ ಎಂಬ ಬೆಕ್ಕಿತ್ತು. 1829ರಲ್ಲಿ ಅವರು ತೀರಿಕೊಂಡ ಮೇಲೆ ಫ್ರಾನ್ಸಿನ ರಾಯಭಾರಿಯಾಗಿದ್ದ ಸಾಹಿತಿ ಶಾತೋಬ್ರಿಯಾಂ ಅದನ್ನು ಸಾಕಿದರು. ಹದಿನಾರನೆಯ ಬೆನೆಡಿಕ್ಟರು ಬೆಕ್ಕುಗಳನ್ನು ಬಹಳ ಮೆಚ್ಚುತ್ತಿದ್ದರು. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು 1979ರಲ್ಲಿ ಎರಡನೆಯ ಜಾನ್ ಪೌಲರು ಪರಿಸರದ ಪಾಲಕ ಸಂತರೆಂದು ಸಾರಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆಯೆಂದರು.

ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2418ನೆಯ ಕಲಮಿನಲ್ಲಿ ಎರಡು ಮಾತುಗಳನ್ನು ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಹಾಗೆಯೇ ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸಲ್ಲದು. ಎಷ್ಟು ತೂಕದ ಮಾತು! ಆದ್ದರಿಂದಲೇ ದುಬಾರಿ ಆಟಿಕೆಗಳ ಮಾತು ಬಿಟ್ಟು, ಸೊಳ್ಳೆ ಜಾಲರಿ, ಹಳೆಯ ಟ್ಯೂಬು, ಹರಿದ ಗೋಣಿಗಳ ಮಾತನ್ನೇ ಇಲ್ಲಿ ಆಡಿದ್ದೇವೆ.

ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಬಾಯಿಲ್ಲದ ಜೀವ ತೊಂದರೆ ಕೊಟ್ಟಾಗ ಅಪ್ಪ ಅಮ್ಮ ಏನು ಮಾಡುತ್ತಾರೆ ಎಂಬುದನ್ನು ಅವರು ಮರೆಯುವುದಿಲ್ಲ. ನಾಳೆ ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ತೊಂದರೆ ಕೊಟ್ಟಾಗ ಅವರೂ ಹಾಗೇ ನಡೆಯುತ್ತಾರೆ. ಈ ರಜೆಯಲ್ಲಿ ಮಕ್ಕಳನ್ನೇ ಜೊತೆಗೆ ಕೂರಿಸಿಕೊಂಡು ಸ್ಪೀಕರಿಗೊಂದು ಜಾಲರಿ ಹೊಡೆಯಿರಿ, ಬೆಕ್ಕಿಗೊಂದು ಕಂಬ ಕಟ್ಟಿರಿ. ಅರ್ಧ ದಿನದ ಕೆಲಸ. ಆಮೇಲೆ ಸಂಜೆಯ ಜಪಸರ ಮುಗಿಸಿ ಭಕ್ತಿಗೀತೆ ಹಾಕಿದಾಗ ಬೆಕ್ಕು ತನ್ನ ಬುಟ್ಟಿಯಲ್ಲಿ ಸುಮ್ಮನೆ ಮಲಗಿರುತ್ತದೆ, ಹಾಡು ಒಡಕಿಲ್ಲದೆ ಕೇಳಿಸುತ್ತದೆ. ಎಲ್ಲ ಜೀವಿಗಳನ್ನೂ ಉಂಟುಮಾಡಿದ ದೇವರು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.